ಬಾಗಿಲ ಮೇಲಿನ ಬಾಯಿ: ಇಟಗಿಯ ಮಕರ ಮತ್ತು ಕೀರ್ತಿಮುಖ ಶಿಲ್ಪಗಳ ಒಂದು ದೈವಶಾಸ್ತ್ರೀಯ ವಿಮರ್ಶೆ

ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿರುವ ಮಹಾದೇವ ದೇವಾಲಯವನ್ನು ಕ್ರಿ.ಶ. 1112ರಲ್ಲಿ ಪ್ರತಿಷ್ಠಾಪಿಸಿದವನು ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ದಂಡನಾಯಕನಾದ ಮಹಾದೇವ. ಅಲ್ಲಿಯ ಶಾಸನವು ಈ ಕಟ್ಟಡಕ್ಕೆ ‘ದೇವಾಲಯ ಚಕ್ರವರ್ತಿ’ ಎಂಬ ಬಿರುದನ್ನು ನೀಡಿದೆ. ಎಂಟು ಶತಮಾನಗಳ ಬಳಿಕ ಕನ್ನಡ ನಾಡಿನ ಚಾಲುಕ್ಯ ವಾಸ್ತುವನ್ನು ಕುರಿತು ಬರೆದ ಹೆನ್ರಿ ಕಸಿನ್ಸ್ ಎಂಬ ವಿದ್ವಾಂಸರು ಹಳೇಬೀಡಿನ ನಂತರದ ಸ್ಥಾನವನ್ನು ಇದಕ್ಕೇ ಕೊಟ್ಟರು. ದೇವಾಲಯದ ವಾಸ್ತುವನ್ನು ಸಮಗ್ರವಾಗಿ ಪರಿಚಯಿಸುವುದು ಈ ಲೇಖನದ ಉದ್ದೇಶವಲ್ಲ. ಅಲ್ಲಿಯ ಕಲ್ಲಿನಲ್ಲಿ ನೆಲೆಸಿರುವ, ಈ ಲೋಕದಲ್ಲಿ ಎಲ್ಲಿಯೂ ಕಾಣಸಿಗದ ಮೃಗಗಳನ್ನು ಮಾತ್ರ ನಾವಿಲ್ಲಿ ಪರಿಶೀಲಿಸಬಯಸುತ್ತೇವೆ. ಕ್ರೈಸ್ತ ದೈವಶಾಸ್ತ್ರದ ವಿದ್ಯಾರ್ಥಿಯು ಅವುಗಳ ಮುಂದೆ ನಿಂತು ಏನನ್ನು ನೋಡಬೇಕು, ಏನನ್ನು ನೋಡಬಾರದು ಎಂಬುದು ನಮ್ಮ ಪ್ರಶ್ನೆ.

ಈ ಪ್ರಶ್ನೆಯು ಕೇವಲ ಕಲಾಸಕ್ತಿಯದಲ್ಲ. ಇಂದು ಗುರುಮಠದಲ್ಲಿರುವ ಅಭ್ಯರ್ಥಿಗಳು ನಾಳೆ ಧರ್ಮಕೇಂದ್ರಗಳ ಹೊಣೆ ಹೊರುವರು. ಅವರಲ್ಲಿ ಅನೇಕರು ದೇವಾಲಯಗಳನ್ನು ಕಟ್ಟಿಸುವರು ಇಲ್ಲವೆ ನವೀಕರಿಸುವರು. ಬಾಗಿಲಿಗೆ ಯಾವ ಕೆತ್ತನೆ, ಬಲಿಪೀಠಕ್ಕೆ ಯಾವ ಅಲಂಕಾರ, ಅದಕ್ಕೆ ಎಷ್ಟು ಹಣ ಎಂದು ನಿರ್ಧರಿಸಬೇಕಾದ ದಿನ ಅವರಿಗೆ ಬಂದೇ ಬರುತ್ತದೆ. ನಾವು ನಮ್ಮ ಆರಾಧನಾ ಮಂದಿರವನ್ನೂ ‘ದೇವಾಲಯ’ ಎಂದೇ ಕರೆಯುತ್ತೇವೆ. ಆ ಪದದ ಜೊತೆಗೆ ಈ ನಾಡಿನ ಶಿಲ್ಪಪರಂಪರೆಯೂ ನಮ್ಮ ಹೊಸ್ತಿಲಿಗೆ ಬಂದು ನಿಂತಿದೆ. ಅದನ್ನು ಬರಮಾಡಿಕೊಳ್ಳಬೇಕೆ, ಹೊರಗೆ ನಿಲ್ಲಿಸಬೇಕೆ ಎಂಬುದನ್ನು ಯೋಚಿಸದೆ ಮಾಡುವ ಯಾವ ನಿರ್ಧಾರವೂ ದೈವಶಾಸ್ತ್ರೀಯ ನಿರ್ಧಾರವೆನಿಸದು.

1. ಕಲ್ಲಿನಲ್ಲಿ ಇರುವುದು

ಮೊದಲು ಕಣ್ಣಿನ ಕೆಲಸ. ದೇವಾಲಯವು ಪೂರ್ವಾಭಿಮುಖವಾಗಿದೆ. ಗರ್ಭಗೃಹ, ಅಂತರಾಳ, ಮುಚ್ಚಿದ ಮಂಟಪ, ಅದರ ಮುಂದೆ ಅನೇಕ ಕಂಬಗಳ ತೆರೆದ ಮಂಟಪ ಎಂಬ ಕ್ರಮದಲ್ಲಿ ಅದರ ವಿನ್ಯಾಸವಿದೆ. ಸುತ್ತಲೂ ಲಿಂಗಗಳಿರುವ ಹದಿಮೂರು ಚಿಕ್ಕ ಗುಡಿಗಳಿದ್ದವು. ದಂಡನಾಯಕನು ತನ್ನ ತಂದೆತಾಯಿಯರ ನೆನಪಿಗಾಗಿ ಮೂರ್ತಿನಾರಾಯಣ ಮತ್ತು ಚಂದ್ರಲೇಶ್ವರಿ ಗುಡಿಗಳನ್ನೂ ಕಟ್ಟಿಸಿದನು. ಬಳಸಿರುವ ಶಿಲೆ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಅದು ಉಳಿಗೆ ಸುಲಭವಾಗಿ ಮಣಿಯುತ್ತದೆ, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲುಗಳ ಮರಳುಗಲ್ಲಿನಲ್ಲಿ ಸಾಧಿಸಲಾಗದಿದ್ದ ಸೂಕ್ಷ್ಮತೆಯು ಅಣ್ಣಿಗೇರಿ, ಲಕ್ಕುಂಡಿ, ಇಟಗಿಗಳಲ್ಲಿ ಸಾಧ್ಯವಾದುದಕ್ಕೆ ಈ ಕಲ್ಲಿನ ಗುಣವೂ ಒಂದು ಕಾರಣ.

ಈ ಕಲ್ಲಿನಲ್ಲಿ ಎರಡು ಮೃಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಒಂದು ಮಕರ: ಆನೆಯ ಸೊಂಡಿಲು, ಮೊಸಳೆಯ ದವಡೆ, ಎಲೆಬಳ್ಳಿಯಂತೆ ಸುರುಳಿಗೊಂಡು ಹರಡುವ ಬಾಲ. ನೀರು, ನೆಲ, ಸಸ್ಯ ಈ ಮೂರೂ ಲೋಕಗಳು ಅದರ ಒಂದೇ ದೇಹದಲ್ಲಿ ಸೇರಿವೆ. ಎರಡು ಬದಿಯ ಮಕರಗಳ ಬಾಯಿಂದ ಹೊರಟ ಕಮಾನು ನಡುವೆ ಕೂಡಿದಾಗ ಅದು ಮಕರತೋರಣವಾಗುತ್ತದೆ. ಇನ್ನೊಂದು ಕೀರ್ತಿಮುಖ, ಸಿಂಹಲಲಾಟವೆಂದೂ ಹೆಸರುಳ್ಳದ್ದು: ಉಬ್ಬಿದ ಕಣ್ಣು, ತೆರೆದ ಬಾಯಿ, ಕೆಳದವಡೆಯೂ ಇಲ್ಲದ, ದೇಹವೂ ಇಲ್ಲದ ಬರಿಯ ಮುಖ. ತೆರೆದ ಮಂಟಪದ ನಡುವಣ ಭುವನೇಶ್ವರಿಯಲ್ಲಿ, ಅಂದರೆ ಮೇಲ್ಛಾವಣಿಯ ಕೆತ್ತನೆಯ ಫಲಕದಲ್ಲಿ, ಈ ಎರಡೂ ಕೂಡಿವೆ. ಕೀರ್ತಿಮುಖದ ದವಡೆಯಿಂದ ಬಳ್ಳಿಗಳು ಹೊರಹೊಮ್ಮಿ, ಮಕರಗಳನ್ನು ಒಡಗೂಡಿಸಿಕೊಂಡು ಸುತ್ತಿ ಹರಡುತ್ತವೆ. ಎಲ್ಲಿ ಎಲೆ ಮುಗಿಯಿತು, ಎಲ್ಲಿ ಮೃಗ ಮೊದಲಾಯಿತು ಎಂದು ಕಣ್ಣು ತಟ್ಟನೆ ಹೇಳಲಾರದು.

ಕೀರ್ತಿಮುಖದ ಕಥೆಯನ್ನು ಪುರಾಣಗಳು ಹೇಳುತ್ತವೆ. ಜಲಂಧರನ ದೂತನಾಗಿ ಬಂದ ರಾಹುವಿನ ಉದ್ಧಟತನಕ್ಕೆ ಕೋಪಗೊಂಡ ಶಿವನಿಂದ ಒಂದು ಘೋರ ಭೂತ ಹುಟ್ಟುತ್ತದೆ. ರಾಹು ಶರಣಾದುದರಿಂದ ಅವನನ್ನು ತಿನ್ನುವಂತಿಲ್ಲ. ಆದರೆ ಹಸಿವು ಆರದು. ತಿನ್ನುವುದಾದರೆ ನಿನ್ನನ್ನೇ ತಿನ್ನು ಎಂಬ ಅಪ್ಪಣೆಯಾಗುತ್ತದೆ. ಅದು ಕಾಲಿನಿಂದ ಮೊದಲುಮಾಡಿ ತನ್ನನ್ನೇ ತಿನ್ನುತ್ತ ಬಂದು ಮುಖವೊಂದೇ ಉಳಿಯುತ್ತದೆ. ಮೆಚ್ಚಿದ ಶಿವನು ಅದಕ್ಕೆ ಕೀರ್ತಿಮುಖವೆಂದು ಹೆಸರಿಟ್ಟು ತನ್ನ ಬಾಗಿಲಲ್ಲಿ ನೆಲೆಗೊಳಿಸುತ್ತಾನೆ.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಒಂದು ಅಂಶವಿದೆ. ಕಥೆಯಲ್ಲಿ ಅದು ತಿನ್ನುವ ಬಾಯಿ. ಇಟಗಿಯ ಭುವನೇಶ್ವರಿಯಲ್ಲಿ ಅದು ಕೊಡುವ ಬಾಯಿ. ಎಲ್ಲವನ್ನೂ ಒಳಗೆಳೆದುಕೊಳ್ಳಬೇಕಾದ ದವಡೆಯಿಂದ ಹಸಿರು ಹೊರಗೆ ಹರಿಯುತ್ತಿದೆ. ಶಿಲ್ಪಿಯು ಕಥೆಯನ್ನು ಬಲ್ಲವನೇ ಆಗಿದ್ದರೂ ಅವನ ಉಳಿ ಕಥೆಗಿಂತ ಒಂದು ಹೆಜ್ಜೆ ಮುಂದೆ ಹೋಗಿದೆ. ಆ ಕೆತ್ತನೆಯ ನಿಜವಾದ ಹಿರಿಮೆ ಇರುವುದು ಸೂಕ್ಷ್ಮ ಕುಸುರಿಯಲ್ಲಿ ಮಾತ್ರವಲ್ಲ, ಈ ತಿರುವಿನಲ್ಲಿ ಎಂಬುದು ನಮ್ಮ ಅಭಿಪ್ರಾಯ.

2. ಅದೇ ಕಾಲದ ಇನ್ನೊಂದು ಬಾಗಿಲು

ಇಟಗಿಯ ಉಳಿಗಳ ಸದ್ದು ಕೇಳುತ್ತಿದ್ದ ಕಾಲದಲ್ಲಿಯೇ ಇಟಲಿಯ ಉತ್ತರ ಭಾಗದ ಮೊದೆನಾ ನಗರದಲ್ಲಿ ಒಂದು ಪ್ರಧಾನಾಲಯ ಮೇಲೇಳುತ್ತಿತ್ತು. 1099ರಲ್ಲಿ ಅದರ ಅಸ್ತಿವಾರ ಬಿದ್ದಿತು. ವಾಸ್ತುಶಿಲ್ಪಿ ಲಾನ್‌ಫ್ರಾಂಕೊ, ಶಿಲ್ಪಿ ವಿಲಿಜೆಲ್ಮೊ. ವಿಲಿಜೆಲ್ಮೊ ಆದಿಕಾಂಡದ ಘಟನೆಗಳನ್ನು ಅಮೃತಶಿಲೆಯ ಉಬ್ಬುಫಲಕಗಳಲ್ಲಿ ಕಡೆದುದನ್ನು ಕಲಾಚರಿತ್ರೆಯ ವಿದ್ಯಾರ್ಥಿಗಳೆಲ್ಲರೂ ಬಲ್ಲರು. ಆದರೆ ಅದೇ ಗೋಡೆಯ ಮುಖ್ಯದ್ವಾರದ ಚೌಕಟ್ಟಿನಲ್ಲಿ ಸುರುಳಿಬಳ್ಳಿ ಹರಿದಿದೆ, ಬಳ್ಳಿಯ ಸುತ್ತುಗಳಲ್ಲಿ ಮನುಷ್ಯರೂ ವಿಚಿತ್ರ ಮೃಗಗಳೂ ಸಿಲುಕಿಕೊಂಡಿದ್ದಾರೆ. ದ್ವಾರಮಂಟಪದ ಕಂಬಗಳನ್ನು ಸಿಂಹಗಳು ಬೆನ್ನ ಮೇಲೆ ಹೊತ್ತಿವೆ. ಸ್ವಲ್ಪ ಕಾಲದ ನಂತರ ಇನ್ನೊಬ್ಬ ಅಜ್ಞಾತ ಶಿಲ್ಪಿ ಕಡೆದ, ಚಾವಣಿಯ ಅಂಚಿನಲ್ಲಿದ್ದ ಎಂಟು ಫಲಕಗಳಲ್ಲಿ ಮತ್ಸ್ಯಕನ್ಯೆಯೇ ಮೊದಲಾದ ಅದ್ಭುತ ಜೀವಿಗಳಿವೆ.

ಈ ಎರಡು ಕಟ್ಟಡಗಳ ನಡುವೆ ಯಾವ ಸಂಪರ್ಕವನ್ನೂ ನಾವು ಕಲ್ಪಿಸುತ್ತಿಲ್ಲ. ಸಾದೃಶ್ಯವು ಸಂಬಂಧವಲ್ಲ. ಆದರೂ ಎರಡು ನಾಡುಗಳ ಶಿಲ್ಪಿಗಳು ಪವಿತ್ರಸ್ಥಾನದ ಹೊಸ್ತಿಲನ್ನು ಗುರುತಿಸಬೇಕಾದಾಗ ಒಂದೇ ಬಗೆಯ ಭಾಷೆಯನ್ನು ಹುಡುಕಿಕೊಂಡರು ಎಂಬುದು ಯೋಚನೆಗೆ ಅರ್ಹ. ಊರಿನಿಂದ ದೇವರ ಸನ್ನಿಧಿಗೆ ದಾಟುವ ಎಡೆಯಲ್ಲಿ ಊರಿನದೂ ಅಲ್ಲದ, ದೇವರೂ ಅಲ್ಲದ ಜೀವಿಗಳು ನಿಂತಿವೆ. ಅವು ಹೆದರಿಸುತ್ತವೆ, ಕಾಯುತ್ತವೆ, ಜೊತೆಗೆ ಭಾರವನ್ನೂ ಹೊರುತ್ತವೆ. ಮಕರ-ಕೀರ್ತಿಮುಖಗಳನ್ನು ಕಂಡು ಮುಖ ತಿರುಗಿಸುವ ಕ್ರೈಸ್ತನು ಮೊದೆನಾದ ಬಾಗಿಲನ್ನೂ ಕಣ್ಣುಮುಚ್ಚಿಯೇ ದಾಟಬೇಕಾದೀತು.

3. ಇಬ್ಬರ ಆಕ್ಷೇಪ

ಹಾಗೆಂದು ಆಕ್ಷೇಪವೇ ಇರಲಿಲ್ಲವೆಂದಲ್ಲ. ಕ್ಲೇರ್ವೊ ಮಠದ ಮಠಾಧಿಪತಿ ಸಂತ ಬರ್ನಾರ್ಡರು ಸುಮಾರು 1125ರಲ್ಲಿ ತಮ್ಮ ಮಿತ್ರ ಸೇಂಟ್ ಥಿಯೆರ್ರಿಯ ವಿಲಿಯಮ್‌ರನ್ನು ಉದ್ದೇಶಿಸಿ ಬರೆದ ಪತ್ರರೂಪದ ಕೃತಿಯಲ್ಲಿ ಮಠಗಳ ಒಳಾಂಗಣಗಳಲ್ಲಿದ್ದ ಇಂಥ ಕೆತ್ತನೆಗಳನ್ನು ತೀವ್ರವಾಗಿ ಖಂಡಿಸಿದರು. ವಾನರಗಳು, ಸಿಂಹಗಳು, ಅರ್ಧ ಮನುಷ್ಯರು, ಹಲವು ದೇಹಗಳಿಗೆ ಒಂದೇ ತಲೆ, ಒಂದೇ ದೇಹಕ್ಕೆ ಹಲವು ತಲೆ ಎಂದು ಅವರು ಒಂದೊಂದನ್ನೇ ಪಟ್ಟಿಮಾಡುತ್ತಾರೆ. ಗ್ರಂಥವನ್ನು ಓದಬೇಕಾದ ಸನ್ಯಾಸಿಯು ಕಲ್ಲನ್ನು ಓದುತ್ತ ಕೂರುತ್ತಾನೆ ಎಂಬುದು ಅವರ ಮೊದಲ ಆಕ್ಷೇಪ. ಇದರ ಮೂರ್ಖತನಕ್ಕೆ ನಾಚದಿದ್ದರೂ ಇದರ ವೆಚ್ಚಕ್ಕಾದರೂ ನಾಚಬೇಡವೇ ಎಂಬುದು ಎರಡನೆಯದು. ಗೋಡೆಗಳು ಹೊಳೆಯುವಾಗ ಬಡವರು ಬರಿಗೈಯಲ್ಲಿರುವುದು ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು.

ಕಲಾಚರಿತ್ರಕಾರ ಮೇಯರ್ ಶಪೀರೋ 1947ರಲ್ಲಿ ಪ್ರಕಟವಾದ ಪ್ರಬಂಧವೊಂದರಲ್ಲಿ ಒಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು. ಬರ್ನಾರ್ಡರು ಖಂಡಿಸಿದ ಕೆತ್ತನೆಗಳನ್ನು ಅವರಷ್ಟು ಗಾಢವಾಗಿ ನೋಡಿದವರು ಆ ಕಾಲದಲ್ಲಿ ವಿರಳ, ಅವರ ಖಂಡನೆಯೇ ಒಂದು ಉತ್ಕೃಷ್ಟ ವರ್ಣನೆಯಾಗಿದೆ. ಈ ಮಾತು ಸರಿಯೇ. ಆದರೆ ಅದರಿಂದ ಬರ್ನಾರ್ಡರ ವಾದವು ಬಿದ್ದುಹೋಗುವುದಿಲ್ಲ, ಬದಲಿಗೆ ಬಲಗೊಳ್ಳುತ್ತದೆ. ಸೌಂದರ್ಯಕ್ಕೆ ಕುರುಡಾದವನು ಸೌಂದರ್ಯವನ್ನು ಬಿಟ್ಟರೆ ಅದು ತ್ಯಾಗವಲ್ಲ. ಕಂಡು ಮೆಚ್ಚಿ, ಬಡವನ ಮುಖವನ್ನು ನೆನೆದು ಬಿಟ್ಟರೆ ಅದು ತ್ಯಾಗ. ಬರ್ನಾರ್ಡರು ಈ ಮಾತುಗಳನ್ನು ಮುಖ್ಯವಾಗಿ ಸನ್ಯಾಸಿಗಳಿಗೆ ಹೇಳಿದರು, ಜನಸಾಮಾನ್ಯರ ಹೊಣೆ ಹೊತ್ತ ಧರ್ಮಾಧ್ಯಕ್ಷರ ಸ್ಥಿತಿ ಬೇರೆಯೆಂದು ಒಪ್ಪಿದರು ಎಂಬುದನ್ನೂ ನೆನಪಿಡಬೇಕು.

ಇದೇ ಶತಮಾನದ ಮಧ್ಯಭಾಗದಲ್ಲಿ, ಯಾವ ಕಲ್ಯಾಣವು ಇಟಗಿಯ ದಂಡನಾಯಕನ ಪ್ರಭುವಿನ ರಾಜಧಾನಿಯಾಗಿತ್ತೋ ಅದೇ ಕಲ್ಯಾಣದಲ್ಲಿ ಬಸವಣ್ಣನವರೂ ಇತರ ಶರಣರೂ ಶಿಲೆಯ ದೇವಾಲಯದ ಬಗ್ಗೆ ಇನ್ನೂ ಆಳವಾದ ಪ್ರಶ್ನೆಯನ್ನೆತ್ತಿದರು. ಸ್ಥಾವರ ಮತ್ತು ಜಂಗಮಗಳ ನಡುವೆ ಅವರು ಎಳೆದ ಗೆರೆಯನ್ನು ಕನ್ನಡಿಗರಿಗೆ ವಿವರಿಸಬೇಕಾಗಿಲ್ಲ. ಸಿರಿವಂತನು ಕಲ್ಲಿನಲ್ಲಿ ಕಟ್ಟಿಸುವ ಗುಡಿಗೂ ಬಡವನು ತನ್ನ ದೇಹದಲ್ಲಿ ಹೊತ್ತಿರುವ ಗುಡಿಗೂ ಇರುವ ಅಂತರವನ್ನು ಅವರು ಲೋಕದ ಮುಂದಿಟ್ಟರು. ‘ದೇವಾಲಯ ಚಕ್ರವರ್ತಿ’ ಎಂಬ ಬಿರುದು ಈ ಪ್ರಶ್ನೆಯ ಬೆಳಕಿನಲ್ಲಿ ಬೇರೆಯಾಗಿಯೇ ಕೇಳಿಸುತ್ತದೆ. ದೇವರ ಮನೆಯನ್ನು ಚಕ್ರವರ್ತಿಯೆಂದು ಕರೆಯುವ ಭಾಷೆಯು ದೇವರ ಮಹಿಮೆಯನ್ನು ಹೇಳುತ್ತಿದೆಯೋ, ಕಟ್ಟಿಸಿದವರ ಮಹಿಮೆಯನ್ನೋ? ಇದು ಇಟಗಿಗೆ ಮಾತ್ರ ಹಾಕಬೇಕಾದ ಪ್ರಶ್ನೆಯಲ್ಲ. ಮೊದೆನಾಕ್ಕೂ, ದಾನಿಗಳ ಹೆಸರನ್ನು ದೊಡ್ಡ ಅಕ್ಷರಗಳಲ್ಲಿ ಕೆತ್ತಿಸಿಕೊಂಡಿರುವ ನಮ್ಮ ನೂತನ ದೇವಾಲಯಗಳಿಗೂ ಅದು ಸಲ್ಲುತ್ತದೆ. ತನ್ನ ದೇಹವೆಂಬ ದೇವಾಲಯವನ್ನು ಕುರಿತು ಮಾತನಾಡಿದ ಪ್ರಭು ಯೇಸುವಿನ ಶಿಷ್ಯರಾದ ನಮಗೆ ಶರಣರ ಈ ಪ್ರಶ್ನೆ ಪರಕೀಯವಾಗಲಾರದು.

4. ಪವಿತ್ರ ಗ್ರಂಥದ ಮೃಗಗಳು

ಪವಿತ್ರ ಗ್ರಂಥವು ಇಂಥ ಮೃಗಗಳನ್ನು ಹೊರಗಿಟ್ಟಿಲ್ಲ. ಮಂಜೂಷದ ಮೇಲೆ ರೆಕ್ಕೆಗಳುಳ್ಳ ಕೆರೂಬಿಗಳಿದ್ದವು. ಸೊಲೊಮೋನನ ದೇವಾಲಯದ ಕಂಚಿನ ಪೀಠಗಳ ಮೇಲೆ ಸಿಂಹ, ಎತ್ತು, ಕೆರೂಬಿಗಳನ್ನು ಒಟ್ಟಿಗೆ ಚಿತ್ರಿಸಲಾಗಿತ್ತೆಂದು ಅರಸುಗಳ ಮೊದಲನೆಯ ಗ್ರಂಥ ತಿಳಿಸುತ್ತದೆ. ಯೆಜೆಕಿಯೇಲನು ಕಂಡ ನಾಲ್ಕು ಮುಖಗಳ ಜೀವಿಗಳು ಯಾವ ವ್ಯಾಳಕ್ಕೂ ಕಡಿಮೆಯಲ್ಲ. ಎಲ್ಲಕ್ಕಿಂತ ಮಿಗಿಲಾಗಿ ಲಿವ್ಯಾತಾನ. ಯೋಬನ ಗ್ರಂಥದ 41ನೆಯ ಅಧ್ಯಾಯದಲ್ಲಿ ದೇವರು ಸ್ವತಃ ಅದರ ಹಲ್ಲು, ಹುರುಪೆ, ಉಸಿರುಗಳನ್ನು ಒಬ್ಬ ಶಿಲ್ಪಿಯ ಸಂತೋಷದಿಂದ ವರ್ಣಿಸುತ್ತಾರೆ. ಅದರ ದವಡೆಯನ್ನು ಅಲ್ಲಿ ಬಾಗಿಲಿಗೆ ಹೋಲಿಸಲಾಗಿದೆ ಎಂಬುದು ನಮ್ಮ ವಿಷಯಕ್ಕೆ ತೀರ ಹತ್ತಿರದ ಮಾತು. 104ನೆಯ ಕೀರ್ತನೆಯಲ್ಲಿ ಅದೇ ಲಿವ್ಯಾತಾನವು ಕಡಲಿನಲ್ಲಿ ಆಟವಾಡುವ ಜೀವಿ.

ಇಲ್ಲಿ ಗಮನಾರ್ಹವಾದುದು ಏನು? ಸುತ್ತಣ ಜನಾಂಗಗಳ ಕಥೆಗಳಲ್ಲಿ ಕಡಲಿನ ಮಹಾಮೃಗವು ದೇವರಿಗೆ ಎದುರಾಳಿ. ಇಸ್ರಯೇಲಿನ ಕಾವ್ಯದಲ್ಲಿಯೂ ಆ ಸಮರದ ನೆನಪು ಉಳಿದಿದೆ. ಆದರೆ ಆದಿಕಾಂಡದ ಮೊದಲನೆಯ ಅಧ್ಯಾಯವು ಕಡಲಿನ ಆ ಮಹಾಜೀವಿಗಳನ್ನು ದೇವರು ಸೃಷ್ಟಿಸಿದರೆಂದು ಸ್ಪಷ್ಟವಾಗಿ ಹೇಳಿ, ಅವನ್ನೂ ಒಳ್ಳೆಯದೆಂದು ಕಂಡವುಗಳ ಸಾಲಿಗೆ ಸೇರಿಸುತ್ತದೆ. ಭಯಾನಕವಾದುದು ದೇವರ ಸಮಬಲದ ವೈರಿಯಲ್ಲ, ದೇವರ ಕೈಯ ಸೃಷ್ಟಿ. ಈ ಒಂದು ನಂಬಿಕೆಯಿಂದಲೇ ಮೊದೆನಾದ ಶಿಲ್ಪಿಯು ಅಂಜಿಕೆಯಿಲ್ಲದೆ ಮೃಗವನ್ನು ದೇವಾಲಯದ ಬಾಗಿಲಿಗೆ ತರಲು ಸಾಧ್ಯವಾಯಿತು.

ತಿನ್ನುವ ಬಾಯಿಯಿಂದ ಜೀವ ಹೊರಡುವ ಚಿತ್ರವೂ ಗ್ರಂಥದಲ್ಲಿದೆ. ನ್ಯಾಯಸ್ಥಾಪಕರ ಗ್ರಂಥದ 14ನೆಯ ಅಧ್ಯಾಯದಲ್ಲಿ ಸಂಸೋನನು ತಾನು ಕೊಂದ ಸಿಂಹದ ಕಳೇಬರದಲ್ಲಿ ಜೇನನ್ನು ಕಂಡು, ಭಕ್ಷಕನಿಂದಲೇ ಭಕ್ಷ್ಯ ದೊರೆತುದನ್ನು ಒಗಟಾಗಿಸುತ್ತಾನೆ. ಸಭಾಪಿತರು ಈ ಒಗಟಿನಲ್ಲಿ ಕ್ರಿಸ್ತರ ಮರಣ ಪುನರುತ್ಥಾನಗಳ ಮುನ್ಸೂಚನೆಯನ್ನು ಓದಿದರು. ಯೋನನ ಮೂರು ದಿನಗಳನ್ನು ಯೇಸು ಸ್ವತಃ ತಮ್ಮ ಮರಣಕ್ಕೆ ಗುರುತಾಗಿ ಬಳಸಿಕೊಂಡರು. ಮರಣವೆಂಬ ಮಹಾಭಕ್ಷಕನನ್ನೇ ದೇವರು ನುಂಗಿಬಿಡುವರೆಂದು ಯೆಶಾಯನು ನುಡಿದುದನ್ನು ಸಂತ ಪೌಲರು ಪುನರುತ್ಥಾನಕ್ಕೆ ಅನ್ವಯಿಸಿದರು.

5. ಮೂರು ಸುಲಭದ ಓದುಗಳು

ಇಷ್ಟು ಹೇಳಿದ ಮೇಲೆ ನಮ್ಮ ವಲಯದಲ್ಲಿ ಬಳಕೆಯಲ್ಲಿರುವ ಮೂರು ಓದುಗಳನ್ನು ನಾವು ಒಪ್ಪಲಾರೆವು.

ಮೊದಲನೆಯದು, ಇವೆಲ್ಲ ದೆವ್ವಗಳ ರೂಪ, ಕ್ರೈಸ್ತನಿಗೆ ಇಲ್ಲಿ ಕೆಲಸವಿಲ್ಲ ಎಂಬ ಓದು. ಇದು ಭಕ್ತಿಯಂತೆ ತೋರಿದರೂ ಸೃಷ್ಟಿಯ ಸಿದ್ಧಾಂತವನ್ನೇ ಮರೆತಿದೆ. ಅನ್ಯ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಧರ್ಮಸಭೆ ತಿರಸ್ಕರಿಸುವುದಿಲ್ಲವೆಂಬ 1965ರ ಮಹಾಸಭೆಯ ಬೋಧನೆಯನ್ನೂ ಅದು ಕೇಳಿಸಿಕೊಂಡಿಲ್ಲ.

ಎರಡನೆಯದು ಅದಕ್ಕೆ ವಿರುದ್ಧವಾದ ಅವಸರ: ಮಕರವೇ ಯೋನನ ಮೀನು, ಕೀರ್ತಿಮುಖವೇ ಸೋತ ಮರಣ ಎಂದು ಒಂದೇ ಉಸಿರಿನಲ್ಲಿ ಜ್ಞಾನಸ್ನಾನ ಕೊಟ್ಟುಬಿಡುವುದು. ಇದು ಉದಾರತೆಯಂತೆ ಕಂಡರೂ ಒಂದು ಬಗೆಯ ಅಪಹರಣ. ಇಟಗಿಯ ಕೀರ್ತಿಮುಖವು ಶಿವನ ಬಾಗಿಲನ್ನು ಕಾಯುತ್ತದೆ. ಅದರ ಅರ್ಥವನ್ನು ಅದರ ಭಕ್ತರ ಪರಂಪರೆ ಹೇಳಬೇಕು. ನೆರೆಯವನ ಮಾತನ್ನು ಅವನು ಮುಗಿಸುವ ಮೊದಲೇ ನಮ್ಮ ಮಾತಾಗಿ ಮಾಡಿಕೊಳ್ಳುವುದು ಸಂವಾದವಲ್ಲ.

ಮೂರನೆಯದು, ಇದೆಲ್ಲ ಬರಿಯ ಅಲಂಕಾರ, ಅರ್ಥವೇನೂ ಇಲ್ಲ ಎಂಬ ಪ್ರವಾಸಿಯ ಓದು. ಬಾಗಿಲ ಮೇಲೆ ತೆರೆದ ಬಾಯಿಯನ್ನಿಟ್ಟ ಕೈಗೆ ತಾನು ಮಾಡುತ್ತಿರುವುದೇನೆಂದು ತಿಳಿದಿರಲಿಲ್ಲವೆಂದು ಭಾವಿಸುವುದು ಆ ಕೈಗೆ ಮಾಡುವ ಅಗೌರವ.

ನಮ್ಮ ಓದು ಈ ಮೂರಕ್ಕಿಂತ ನಿಧಾನದ್ದು. ಹಸಿವಿನ ಬಗ್ಗೆ ಕೀರ್ತಿಮುಖದ ಕಥೆಯು ಸತ್ಯವನ್ನೇ ನುಡಿಯುತ್ತದೆ: ಆಸೆಯು ಇತರರನ್ನು ತಿನ್ನಬಾರದು, ತನ್ನನ್ನು ತಾನು ದಂಡಿಸಿಕೊಂಡಾಗಲೇ ಅದು ದೇವರ ಬಾಗಿಲಲ್ಲಿ ನಿಲ್ಲಲು ಅರ್ಹ. ತಪಸ್ಸನ್ನು ಬಲ್ಲ ಯಾವ ಕ್ರೈಸ್ತನೂ ಈ ಮಾತಿಗೆ ತಲೆಬಾಗಬೇಕು. ಆದರೆ ನಮ್ಮ ವಿಶ್ವಾಸವು ಅಲ್ಲಿಗೆ ನಿಲ್ಲುವುದಿಲ್ಲ, ಅದನ್ನು ಮರೆಮಾಚುವುದೂ ಪ್ರಾಮಾಣಿಕತೆಯಲ್ಲ. ಶುಭಸಂದೇಶದಲ್ಲಿ ಹಸಿದವನಿಗೆ ನಿನ್ನನ್ನೇ ತಿನ್ನು ಎಂಬ ಅಪ್ಪಣೆಯಿಲ್ಲ. ಅಲ್ಲಿ ದೇವರೇ ತಮ್ಮನ್ನು ಆಹಾರವಾಗಿ ಕೊಡುತ್ತಾರೆ. ಹಸಿವು ತನ್ನನ್ನೇ ಸುಟ್ಟುಕೊಂಡು ಆರುವುದಿಲ್ಲ, ಉಣಿಸಲ್ಪಟ್ಟು ಆರುತ್ತದೆ. ಬಲಿಪೂಜೆಗೆ ಬರುವ ಪ್ರತಿಯೊಬ್ಬನೂ ಒಂದು ತೆರೆದ ಬಾಯಿಯನ್ನು ಹೊತ್ತೇ ನಮ್ಮ ಹೊಸ್ತಿಲು ದಾಟುತ್ತಾನೆ. ಇಟಗಿಯ ಕಲ್ಲಿನ ಬಾಯಿಯ ಮುಂದೆ ನಿಂತಾಗ ಈ ವ್ಯತ್ಯಾಸವು ನಮಗೆ ಇನ್ನಷ್ಟು ನಿಚ್ಚಳವಾಗಬೇಕು. ನೆರೆಯವನ ಬಾಗಿಲನ್ನು ಗೌರವದಿಂದ ನೋಡಿದವನಿಗೆ ತನ್ನ ಮನೆಯ ಬಾಗಿಲಿನ ಗುರುತು ಮರೆಯುವುದಿಲ್ಲ.

6. ಶಿಲುಬೆಯ ಸುತ್ತ ಮಕರ

ಮಕರವನ್ನು ನಮ್ಮ ದೇವಾಲಯಕ್ಕೆ ತರಬಹುದೇ ಎಂಬ ಪ್ರಶ್ನೆಗೆ ಚರಿತ್ರೆಯೊಂದು ಉತ್ತರವನ್ನು ಆಗಲೇ ಕೊಟ್ಟಿದೆ. 1547ರಲ್ಲಿ ಚೆನ್ನೈನ ಸಂತ ಥಾಮಸರ ಬೆಟ್ಟದಲ್ಲಿ ದೊರೆತ, ಪಹ್ಲವಿ ಲಿಪಿಯ ಬರಹವುಳ್ಳ ಶಿಲಾಶಿಲುಬೆಯನ್ನು ನಮ್ಮ ಓದುಗರು ಬಲ್ಲರು. ಕೊಟ್ಟಾಯಂನ ವಲಿಯಪಳ್ಳಿಯಲ್ಲಿಯೂ ಅದೇ ಜಾತಿಯ ಶಿಲುಬೆಗಳಿವೆ. ಅವುಗಳಲ್ಲಿ ಶಿಲುಬೆಯ ಎರಡು ಬದಿಗೆ ಕಂಬಗಳು, ಕಂಬಗಳ ಮೇಲೆ ಮಕರಗಳು, ಮಕರಗಳ ಬಾಯಿಗಳ ನಡುವೆ ಕಮಾನು. ಪೋರ್ಚುಗೀಸರು ಬರುವುದಕ್ಕೆ ಶತಮಾನಗಳ ಮೊದಲೇ ಈ ನೆಲದ ಕ್ರೈಸ್ತರು ಮಕರತೋರಣದ ಕೆಳಗೆ ಪ್ರಭುವಿನ ಶಿಲುಬೆಯನ್ನು ನಿಲ್ಲಿಸಿದ್ದರು. ಅವರು ಯಾವ ಪ್ರಣಾಳಿಕೆಯನ್ನೂ ಬರೆಯಲಿಲ್ಲ. ತಮ್ಮ ನಾಡಿನಲ್ಲಿ ಗೌರವದ ಸ್ಥಾನವನ್ನು ಹೇಗೆ ಗುರುತಿಸುತ್ತಾರೋ ಹಾಗೆಯೇ ಶಿಲುಬೆಯ ಸ್ಥಾನವನ್ನು ಗುರುತಿಸಿದರು.

ಈ ಶಿಲುಬೆಗಳಿಂದ ಒಂದು ನಿಯಮವನ್ನು ಕಲಿಯಬಹುದು. ಅಲ್ಲಿ ಮೃಗವು ಚೌಕಟ್ಟಿನಲ್ಲಿದೆ, ನಡುವಿನಲ್ಲಿ ಶಿಲುಬೆಯಿದೆ. ಮಕರವು ಶಿಲುಬೆಯ ಅರ್ಥವನ್ನು ಹೇಳುವುದಿಲ್ಲ, ಶಿಲುಬೆಗೆ ಎಡೆಮಾಡಿಕೊಡುತ್ತದೆ. 1967ರಲ್ಲಿ ಡಿ.ಎಸ್. ಅಮಲೋರ್ಪವದಾಸರು ಬೆಂಗಳೂರಿನಲ್ಲಿ ರಾಷ್ಟ್ರೀಯ ಬೈಬಲ್, ಧರ್ಮೋಪದೇಶ ಮತ್ತು ಆರಾಧನಾವಿಧಿ ಕೇಂದ್ರವನ್ನು ಆರಂಭಿಸಿದಂದಿನಿಂದ, 1969ರಲ್ಲಿ ಭಾರತೀಯ ಆರಾಧನೆಯ ಹನ್ನೆರಡು ಅಂಶಗಳಿಗೆ ರೋಮ್ ಸಮ್ಮತಿ ದೊರೆತಂದಿನಿಂದ, ಸಂಸ್ಕೃತ್ಯಂತರದ ಬಗ್ಗೆ ನಮ್ಮಲ್ಲಿ ಚರ್ಚೆ ನಡೆದೇ ಇದೆ. ಆ ಚರ್ಚೆಯು ಅನೇಕ ಸಲ ಯಾವ ಚಿಹ್ನೆಯನ್ನು ಎರವಲು ಪಡೆಯಬಹುದು ಎಂಬಲ್ಲಿಯೇ ಸಿಕ್ಕಿಬೀಳುತ್ತದೆ. ಚಿಹ್ನೆ ಯಾವುದೆಂಬುದಕ್ಕಿಂತ ಅದನ್ನು ಎಲ್ಲಿ ಇಡುತ್ತೇವೆ, ಅದು ಯಾವುದಕ್ಕೆ ಎಡೆಮಾಡುತ್ತದೆ ಎಂಬುದು ಹೆಚ್ಚಿನ ಪ್ರಶ್ನೆ ಎಂದು ಈ ಹಳೆಯ ಶಿಲುಬೆಗಳು ಹೇಳುತ್ತವೆ.

ಇದರ ಜೊತೆಗೆ ಬರ್ನಾರ್ಡರ ಮತ್ತು ಶರಣರ ಆಕ್ಷೇಪವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಡಬೇಕು. ಎರಡನೇ ವ್ಯಾಟಿಕನ್ ಮಹಾಸಭೆಯ ಆರಾಧನಾವಿಧಿಯ ಸಂವಿಧಾನವು 123ನೆಯ ಪರಿಚ್ಛೇದದಲ್ಲಿ ಧರ್ಮಸಭೆಗೆ ತನ್ನದೇ ಎಂಬ ಒಂದು ಶೈಲಿಯಿಲ್ಲವೆಂದೂ, 124ರಲ್ಲಿ ಬರಿಯ ವೈಭವಕ್ಕಿಂತ ಘನವಾದ ಸೌಂದರ್ಯವನ್ನು ಅರಸಬೇಕೆಂದೂ ಬೋಧಿಸುತ್ತದೆ. ಮಳೆ ಕೈಕೊಡುವ ವರ್ಷಗಳನ್ನು ಚೆನ್ನಾಗಿ ಬಲ್ಲ ಕೊಪ್ಪಳದ ಸೀಮೆಯಲ್ಲಿ ದೇವಾಲಯ ಕಟ್ಟುವ ಯಾಜಕನಿಗೆ ಈ ಎರಡೂ ಪರಿಚ್ಛೇದಗಳು ಒಟ್ಟಿಗೆ ಬೇಕು. ಕಾಂಕ್ರೀಟಿನಲ್ಲಿ ಅಚ್ಚು ಹಾಕಿದ ಮಕರವನ್ನು ಸಾಲುಸಾಲಾಗಿ ಅಂಟಿಸಿದರೆ ಅದು ಇಟಗಿಗೂ ಅವಮಾನ, ಬಲಿಪೀಠಕ್ಕೂ ಅವಮಾನ. ಊರಿನ ಕಲ್ಲನ್ನು ಬಲ್ಲ ಕಲ್ಲುಕುಟಿಗನಿಗೆ ನ್ಯಾಯವಾದ ಕೂಲಿ ಕೊಟ್ಟು, ಬಾಗಿಲಿನಲ್ಲಿ ಒಂದೇ ಒಂದು ಬಳ್ಳಿಯನ್ನು ಚೆನ್ನಾಗಿ ಕಡೆಸಿದರೆ ಸಾಕು.

ಗುರುಅಭ್ಯರ್ಥಿಗಳಿಗೆ ನಮ್ಮ ಸಲಹೆ ಇಷ್ಟು. ಗದಗ, ಕೊಪ್ಪಳಗಳ ಕಡೆಗೆ ಹೋಗುವ ಅವಕಾಶ ಒದಗಿದಾಗ ಇಟಗಿಗೆ ಹೋಗಿರಿ. ಲಕ್ಕುಂಡಿಯೂ ದೂರವಿಲ್ಲ. ತೆರೆದ ಮಂಟಪದ ನಡುವೆ ನಿಂತು ತಲೆಯೆತ್ತಿ, ಆ ದವಡೆಯಿಂದ ಹೊರಟ ಬಳ್ಳಿಯನ್ನು ಕೊನೆಯವರೆಗೂ ಕಣ್ಣಿನಿಂದ ಹಿಂಬಾಲಿಸಿರಿ. ಅರ್ಥ ಹೇಳಲು ಅವಸರಪಡಬೇಡಿರಿ. ಅನಂತರ ಯೋಬನ ಗ್ರಂಥದ ಕೊನೆಯ ಅಧ್ಯಾಯಗಳನ್ನು ಮತ್ತೊಮ್ಮೆ ಓದಿರಿ.